ಮೂತಿ ತಿರುಗದ ತೋಪು



ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರು ಅಲ್ಲಿ ಒಂದು ಯುದ್ಧವಿಮಾನವನ್ನು ನೋಡಿರುತ್ತಾರೆ. ಅದು ಎಚ್‌ಎಫ್-24 ಮಾರುತ್. ಇದೇ ಊರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಹುಟ್ಟಿ, 1961ರ ಜೂನ್ 17ರಂದು ಮೊದಲ ಬಾರಿಗೆ ಆಕಾಶಕ್ಕೇರಿದ ವಿಮಾನ. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅದರ ಶಿಲ್ಪಿ. ಮೊದಲ ಹಾರಾಟ ನಡೆಸಿದವರು ಸುರಂಜನ್ ದಾಸ್. ಅದರ ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ತೋಪುಗಳಿಗೆ ಜಾಗ ಮಾಡಲಾಗಿತ್ತು.

ವಿಮಾನದ ಎದುರು ನಿಂತ ಮಗು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ. ‘ಈ ತೋಪು ಯಾವ ಕಡೆ ತಿರುಗುತ್ತದೆ?’ ಉತ್ತರ ಸರಳ. ಯಾವ ಕಡೆಯೂ ತಿರುಗುವುದಿಲ್ಲ. ಅದು ವಿಮಾನದ ಮೈಗೆ ಬಿಗಿದ ತೋಪು. ವಿಮಾನ ಎತ್ತ ಮುಖ ಮಾಡಿದೆಯೋ ಗುಂಡು ಅತ್ತಲೇ ಹೋಗುತ್ತದೆ. ಗುರಿ ಬದಲಿಸಬೇಕಾದರೆ ಪೈಲಟ್ ತನ್ನನ್ನೂ ಸೇರಿಸಿ ಇಡೀ ವಿಮಾನವನ್ನೇ ತಿರುಗಿಸಬೇಕು.

ಇದೇ ಮಗು ಮನೆಗೆ ಹೋಗಿ ಟಿವಿ ಹಾಕಿದರೆ ಅಥವಾ ಕಂಪ್ಯೂಟರ್ ಆಟ ಆಡಿದರೆ ಅಲ್ಲಿಯೂ ಇಂಥದೇ ತೋಪುಗಳು ಕಾಣುತ್ತವೆ. ಕಟ್ಟುಕತೆಯ ಆಕಾಶನೌಕೆಗಳ ಮೂತಿಯಲ್ಲಿ ಬೃಹತ್ತಾದ ಒಂದು ಕೊಳವೆ. ಅದರಲ್ಲಿ ಬೆಳಕು ತುಂಬಿಕೊಳ್ಳುತ್ತದೆ, ನೌಕೆ ನಡುಗುತ್ತದೆ, ಎದುರಿಗಿದ್ದದ್ದು ಬೂದಿಯಾಗುತ್ತದೆ. ಮನುಷ್ಯ ನಕ್ಷತ್ರಗಳ ನಡುವೆ ಓಡಾಡುವಷ್ಟು ಮುಂದುವರಿದ ಕಾಲದಲ್ಲೂ ತೋಪನ್ನು ತಿರುಗಿಸಲು ಬಾರದೆ ಹಡಗನ್ನೇ ತಿರುಗಿಸುತ್ತಾನೆಯೇ? ಇದು ಕತೆಗಾರರ ಸೋಮಾರಿತನವೋ, ಅಥವಾ ಇದರ ಹಿಂದೆ ಏನಾದರೂ ಲೆಕ್ಕಾಚಾರ ಇದೆಯೋ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಐನೂರು ವರ್ಷಗಳ ಒಂದು ಸ್ವಾರಸ್ಯಕರ ಚರಿತ್ರೆ ತೆರೆದುಕೊಳ್ಳುತ್ತದೆ.

ಹುಟ್ಟಿನ ಹಡಗು

ಹದಿನಾರನೆಯ ಶತಮಾನದ ಮೆಡಿಟರೇನಿಯನ್ ಸಮುದ್ರದಲ್ಲಿ ಯುದ್ಧ ಮಾಡುತ್ತಿದ್ದುದು ಗ್ಯಾಲಿ ಎಂಬ ಹಡಗುಗಳು. ಉದ್ದನೆಯ, ತೆಳ್ಳನೆಯ ಮೈ. ಎರಡೂ ಪಕ್ಕದಲ್ಲಿ ಸಾಲಾಗಿ ಹುಟ್ಟುಗಳು. ಹುಟ್ಟು ಹಾಕುವವರು ಪಕ್ಕಗಳನ್ನೆಲ್ಲ ತುಂಬಿಕೊಂಡು ಕುಳಿತ ಮೇಲೆ ತೋಪು ಇಡಲು ಉಳಿದ ಜಾಗ ಒಂದೇ, ಮುಂದಿನ ಮೂತಿ. ಹೀಗಾಗಿ ಗ್ಯಾಲಿಯ ದೊಡ್ಡ ತೋಪು ನಟ್ಟನಡುವೆ ಮುಂದಕ್ಕೆ ಮುಖ ಮಾಡಿ ಕುಳಿತಿತು. ಅದರ ಆಚೀಚೆ ಸಣ್ಣ ತೋಪುಗಳು. ಗುಂಡು ಹಾರಿದಾಗ ದೊಡ್ಡ ತೋಪು ಹಡಗಿನ ನಡುವಿನ ಓಣಿಯಲ್ಲಿ ಹಿಂದಕ್ಕೆ ಸರಿದು ನಿಲ್ಲುತ್ತಿತ್ತು. ಗುರಿ ಇಡುವ ಕೆಲಸ ತೋಪಿನವನದಲ್ಲ, ಚುಕ್ಕಾಣಿ ಹಿಡಿದವನದು ಮತ್ತು ಹುಟ್ಟು ಹಾಕುವವರದು.

1571ರ ಅಕ್ಟೋಬರ್ 7ರಂದು ಗ್ರೀಸ್ ದೇಶದ ಬಳಿಯ ಲೆಪಾಂಟೊದಲ್ಲಿ ಒಟ್ಟೊಮನ್ ತುರ್ಕರಿಗೂ ಯುರೋಪಿನ ಕ್ರೈಸ್ತ ರಾಜ್ಯಗಳ ಕೂಟಕ್ಕೂ ನಡೆದ ಕದನದಲ್ಲಿ ಎರಡೂ ಕಡೆ ಸೇರಿ ನಾನೂರಕ್ಕೂ ಹೆಚ್ಚು ಹಡಗುಗಳಿದ್ದವು. ಬಹುತೇಕ ಎಲ್ಲವೂ ಮೂತಿಯ ತೋಪಿನವೇ. ಆದ್ದರಿಂದಲೇ ಅವು ಅಕ್ಕಪಕ್ಕ ಸಾಲುಗಟ್ಟಿ, ಎದುರಾಳಿಗೆ ಮುಖ ಕೊಟ್ಟು ಮುನ್ನುಗ್ಗಬೇಕಾಯಿತು. ಕೂಟದ ದಂಡನಾಯಕ ಆಸ್ಟ್ರಿಯದ ಡಾನ್ ಹ್ವಾನ್ ತನ್ನ ಹಡಗುಗಳ ಮುಂದೆ ಚಾಚಿಕೊಂಡಿದ್ದ ಕೊಕ್ಕುಗಳನ್ನು ಕತ್ತರಿಸಿಹಾಕಿಸಿದ. ಏಕೆಂದರೆ ಆ ಕೊಕ್ಕು ತೋಪಿನ ಮೂತಿಗೆ ಅಡ್ಡ ಬರುತ್ತಿತ್ತು. ಅದೇ ಕದನದಲ್ಲಿ ವೆನಿಸ್ ತಂದ ಆರು ಗ್ಯಾಲಿಯಾಸ್ ಹಡಗುಗಳು ಮಾತ್ರ ಬೇರೆ ಬಗೆಯವು. ಅವುಗಳ ಪಕ್ಕಗಳಲ್ಲೂ ತೋಪುಗಳಿದ್ದವು. ತುರ್ಕರ ಸಾಲು ಅವುಗಳನ್ನು ಹಾದುಹೋಗುವಾಗಲೇ ಚದುರಿತು. ಮುಂದಕ್ಕಷ್ಟೇ ನೋಡುವ ತೋಪಿನ ಬಲವೂ ದೌರ್ಬಲ್ಯವೂ ಆ ಒಂದೇ ದಿನ ಬಯಲಾಯಿತು. ಎದುರಿಗೆ ಬಂದವನಿಗೆ ಅದು ಮೃತ್ಯು. ಪಕ್ಕಕ್ಕೆ ಬಂದವನಿಗೆ ಅದು ಏನೂ ಅಲ್ಲ.

ತಿರುಗಿಸುವುದರ ಬೆಲೆ

ಹಾಗಾದರೆ ತೋಪನ್ನು ತಿರುಗುವ ಹಾಗೆ ಮಾಡಿಬಿಟ್ಟರೆ ಆಯಿತಲ್ಲ? ಆಗುತ್ತದೆ, ಆದರೆ ಬೆಲೆ ತೆರಬೇಕು. ಆ ಬೆಲೆ ಎಷ್ಟೆಂದು ತಿಳಿಯಲು ಜಪಾನಿನ ಯಮಾಟೊ ಎಂಬ ಯುದ್ಧನೌಕೆಯನ್ನು ನೋಡಬೇಕು. 1941ರ ಡಿಸೆಂಬರಿನಲ್ಲಿ ಸೇವೆಗೆ ಸೇರಿದ ಈ ಹಡಗಿನಲ್ಲಿ 46 ಸೆಂಟಿಮೀಟರ್ ಬಾಯಿಯ ಒಂಬತ್ತು ತೋಪುಗಳು, ಮೂರು ಮೂರರಂತೆ ಮೂರು ತಿರುಗುಗೋಪುರಗಳಲ್ಲಿ ಕೂತಿದ್ದವು. ಒಂದೊಂದು ಗೋಪುರದ ತೂಕ ಸುಮಾರು 2,500 ಟನ್. ಆ ಕಾಲದ ಒಂದು ಡೆಸ್ಟ್ರಾಯರ್ ಹಡಗು ಇಡಿಯಾಗಿ ಅಷ್ಟು ತೂಗುತ್ತಿರಲಿಲ್ಲ. ತೋಪಿನ ತೂಕ ಮಾತ್ರವಲ್ಲ, ಅದನ್ನು ಹೊತ್ತು ತಿರುಗುವ ಚಕ್ರ, ಸುತ್ತಲಿನ ಉಕ್ಕಿನ ಗೋಡೆ, ಗುಂಡು ಮದ್ದು ಮೇಲೆತ್ತುವ ಯಂತ್ರ ಎಲ್ಲ ಸೇರಿ ಈ ಲೆಕ್ಕ.

ಎರಡನೆಯ ಬೆಲೆ ಹಿಂದೊದೆತ. ಗುಂಡು ಮುಂದೆ ಹೋದರೆ ತೋಪು ಹಿಂದೆ ಒದೆಯುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ, ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇ. ತೋಪು ಮೈಯ ನಟ್ಟನಡುವಿನ ರೇಖೆಯಲ್ಲಿದ್ದರೆ ಈ ಒದೆತ ನೇರವಾಗಿ ಹಿಂದಕ್ಕೆ ಹೋಗುತ್ತದೆ, ಇಡೀ ದೇಹ ಅದನ್ನು ತಡೆದುಕೊಳ್ಳುತ್ತದೆ. ತೋಪು ಪಕ್ಕಕ್ಕೆ ತಿರುಗಿದ್ದರೆ ಅದೇ ಒದೆತ ದೇಹವನ್ನು ಉರುಳಿಸಲು, ತಿರುಚಲು ನೋಡುತ್ತದೆ. ಮೂರನೆಯದು ಉದ್ದ. ನಳಿಗೆ ಉದ್ದವಾದಷ್ಟೂ ಗುಂಡಿಗೆ ವೇಗ ಹೆಚ್ಚು. ಗೋಪುರದಲ್ಲಿಟ್ಟು ಎಲ್ಲ ಕಡೆ ತಿರುಗಿಸುವ ನಳಿಗೆಯನ್ನು ಬೇಕಾದಷ್ಟು ಉದ್ದ ಮಾಡಲಾಗದು.

ಈ ಮೂರೂ ಮಾತಿಗೆ ಒಳ್ಳೆಯ ನಿದರ್ಶನ ಎರಡನೆಯ ಮಹಾಯುದ್ಧದ ಜರ್ಮನಿಯಲ್ಲಿದೆ. ಪಾಂಜರ್-3 ಎಂಬ ಟ್ಯಾಂಕಿನ ಗೋಪುರ ಚಿಕ್ಕದು. 75 ಮಿಲಿಮೀಟರಿನ ಉದ್ದ ತೋಪು ಅದರೊಳಗೆ ಹಿಡಿಸಲಿಲ್ಲ. ಮೋಟು ತೋಪೊಂದಷ್ಟೇ ಸಾಧ್ಯವಾಯಿತು. ಆದರೆ ಅದೇ ಟ್ಯಾಂಕಿನ ತಳದ ಮೇಲಿಂದ ಗೋಪುರವನ್ನು ಕಿತ್ತುಹಾಕಿ ತೋಪನ್ನು ಮುಂದಿನ ಗೋಡೆಯಲ್ಲೇ ಕೂರಿಸಿದಾಗ ಅದೇ ಉದ್ದ ತೋಪು ಸಲೀಸಾಗಿ ಹಿಡಿಸಿತು. ಸ್ಟುಗ್-3 ಎಂದು ಕರೆಸಿಕೊಂಡ ಈ ಗೋಪುರವಿಲ್ಲದ ವಾಹನದ ತೋಪು ಆಚೀಚೆ ತುಸು ಮಾತ್ರ ಹೊರಳುತ್ತಿತ್ತು. ಆದರೆ ವಾಹನ ಗಿಡ್ಡ, ಅಗ್ಗ, ಬೇಗ ತಯಾರಾಗುವಂಥದು. ಹತ್ತು ಸಾವಿರಕ್ಕೂ ಹೆಚ್ಚು ಸ್ಟುಗ್-3ಗಳನ್ನು ಜರ್ಮನಿ ಕಟ್ಟಿತು. ಬಡವನ ಟ್ಯಾಂಕು ಎನ್ನಬಹುದಾದ ಇದು, ಸೋಲುತ್ತಿದ್ದ ಸೈನ್ಯಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ವಿಮಾನವೇ ಬಂದೂಕು

ಆಕಾಶದಲ್ಲಿ ಈ ಪಾಠ ಇನ್ನೂ ಮೊದಲೇ ಆಗಿತ್ತು. ಮೊದಲನೆಯ ಮಹಾಯುದ್ಧ ಆರಂಭವಾದಾಗ ವಿಮಾನಗಳಿಗೆ ಮೆಷಿನ್‌ಗನ್ ಅಳವಡಿಸುವುದು ಹೇಗೆಂಬುದೇ ಸಮಸ್ಯೆ. ಮೂತಿಯಲ್ಲಿಟ್ಟರೆ ಎದುರಿಗೆ ತಿರುಗುವ ಪ್ರೊಪೆಲರ್ ಅಡ್ಡ. ಹೀಗಾಗಿ ಪೈಲಟ್ ಒಬ್ಬ, ಬಂದೂಕಿನವ ಇನ್ನೊಬ್ಬ. ಹಾರುವ ವಿಮಾನದಿಂದ ಹಾರುವ ವಿಮಾನಕ್ಕೆ ಓರೆಯಾಗಿ ಗುರಿ ಇಡುವುದು ಬಲು ಕಷ್ಟ. ಏಕೆಂದರೆ ತನ್ನ ವೇಗ, ಎದುರಾಳಿಯ ವೇಗ, ಎರಡರ ದಿಕ್ಕು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಲೆಕ್ಕ ಹಾಕಬೇಕು.

1915ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೋಲಾಂ ಗಾರೋ ಒಂದು ಒರಟು ಉಪಾಯ ಮಾಡಿದ. ಪ್ರೊಪೆಲರಿನ ಅಲಗುಗಳಿಗೆ ಉಕ್ಕಿನ ಬೆಣೆ ಬಡಿದು, ಅವುಗಳ ನಡುವಿನಿಂದಲೇ ಮುಂದಕ್ಕೆ ಗುಂಡು ಹಾರಿಸಿದ. ಅಲಗಿಗೆ ಬಡಿದ ಗುಂಡು ಜಾರಿಹೋಗುತ್ತಿತ್ತು, ಉಳಿದವು ಗುರಿ ಮುಟ್ಟುತ್ತಿದ್ದವು. ಅದೇ ತಿಂಗಳು ಅವನ ವಿಮಾನ ಜರ್ಮನ್ನರ ನೆಲದಲ್ಲಿ ಇಳಿಯಬೇಕಾಯಿತು. ಕೆಲವೇ ತಿಂಗಳಲ್ಲಿ ಆಂಟನಿ ಫೋಕರನ ಕಾರ್ಖಾನೆ ಇನ್ನೂ ಜಾಣ ಯಂತ್ರವನ್ನು ಬಳಕೆಗೆ ತಂದಿತು. ಎಂಜಿನ್ನಿನ ಸುತ್ತಿಗೂ ಬಂದೂಕಿನ ಕುದುರೆಗೂ ಸಂಬಂಧ ಕಲ್ಪಿಸಿ, ಅಲಗು ಎದುರಿಗಿಲ್ಲದ ಗಳಿಗೆಯಲ್ಲಷ್ಟೇ ಗುಂಡು ಹಾರುವಂತೆ ಮಾಡಿತು. ಅಂದಿನಿಂದ ಪೈಲಟ್ ಬಂದೂಕನ್ನು ಗುರಿ ಇಡುವುದನ್ನು ಬಿಟ್ಟ. ವಿಮಾನವನ್ನೇ ಗುರಿ ಇಟ್ಟ. ಎರಡು ಜನರ ಕೆಲಸ ಒಬ್ಬನ ಕೈಗೆ ಬಂತು.

ಈ ಹೊಸ ವಿದ್ಯೆಯಲ್ಲಿ ಭಾರತದ ಹುಡುಗನೊಬ್ಬ ಹೆಸರು ಮಾಡಿದ. ಕಲ್ಕತ್ತದಲ್ಲಿ 1898ರಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ ಬ್ರಿಟನ್ನಿನ ವಾಯುದಳ ಸೇರಿ ಎಸ್.ಇ.5ಎ ಎಂಬ ವಿಮಾನ ಹಾರಿಸುತ್ತಿದ್ದ. 1918ರ ಜುಲೈ ತಿಂಗಳಲ್ಲಿ ಎರಡು ವಾರದೊಳಗೆ ಅವನ ಲೆಕ್ಕಕ್ಕೆ ಹತ್ತು ವಿಜಯಗಳು ಸೇರಿದವು. ಅದೇ ತಿಂಗಳ 22ರಂದು ಫ್ರಾನ್ಸಿನ ಆಕಾಶದಲ್ಲಿ ಅವನೇ ಉರಿದು ಬಿದ್ದ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಮುಂದಕ್ಕೆ ಬಿಗಿದ ಬಂದೂಕು ಕೇಳುವುದೇ ಇದನ್ನು. ಗುಂಡು ಹೊಡೆಯಬೇಕಾದರೆ ಎದುರಾಳಿಯ ಕಡೆಗೆ ತಾನೇ ಹೋಗಬೇಕು. ಹೋದಷ್ಟು ಹೊತ್ತೂ ಬೆನ್ನ ಹಿಂದೆ ಯಾರಿದ್ದಾರೆಂದು ನೋಡುವ ಬಂದೂಕು ಯಾವುದೂ ಇರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬ್ರಿಟನ್ ಮುಂದೊಮ್ಮೆ ತದ್ವಿರುದ್ಧ ಪ್ರಯೋಗ ಮಾಡಿತು. 1937ರಲ್ಲಿ ಮೊದಲು ಹಾರಿದ ಡಿಫೈಯಂಟ್ ಎಂಬ ಫೈಟರ್ ವಿಮಾನದಲ್ಲಿ ಮುಂದಕ್ಕೆ ಬಿಗಿದ ಬಂದೂಕು ಒಂದೂ ಇರಲಿಲ್ಲ. ಪೈಲಟ್ಟಿನ ಬೆನ್ನ ಹಿಂದೆ ನಾಲ್ಕು ಮೆಷಿನ್‌ಗನ್ನುಗಳ ತಿರುಗುಗೋಪುರ. ಕಾಗದದ ಮೇಲೆ ಇದು ಬುದ್ಧಿವಂತಿಕೆಯ ಕೆಲಸ. ಡಂಕರ್ಕ್‌ನ ದಿನಗಳಲ್ಲಿ ಮೊದಮೊದಲು ಜರ್ಮನ್ನರು ಏಮಾರಿದ್ದೂ ಉಂಟು. ಆದರೆ ಗೋಪುರದ ತೂಕ ವಿಮಾನವನ್ನು ನಿಧಾನ ಮಾಡಿತ್ತು. ಮುಂದಿನಿಂದ, ಕೆಳಗಿನಿಂದ ಬಂದರೆ ಅದಕ್ಕೆ ಉತ್ತರವಿಲ್ಲ ಎಂಬುದನ್ನು ಎದುರಾಳಿ ಬೇಗ ಕಂಡುಕೊಂಡ. 1940ರ ಜುಲೈ 19ರಂದು ಒಂದೇ ಕಾದಾಟದಲ್ಲಿ ಒಂಬತ್ತು ಡಿಫೈಯಂಟ್‌ಗಳ ಪೈಕಿ ಹೆಚ್ಚಿನವು ನಾಶವಾದವು. ಹಿಂದೆ ಕುಳಿತ ಬಂದೂಕಿನವರಿಗೆ ಗೋಪುರದಿಂದ ಹೊರಬೀಳುವುದೂ ಸುಲಭವಿರಲಿಲ್ಲ. ಅದೇ ವರ್ಷ ಅವುಗಳನ್ನು ಹಗಲಿನ ಯುದ್ಧದಿಂದ ಹಿಂದೆಗೆದುಕೊಳ್ಳಲಾಯಿತು. ಆ ಬೇಸಿಗೆಯಲ್ಲಿ ಇಂಗ್ಲೆಂಡನ್ನು ಕಾಪಾಡಿದ್ದು ರೆಕ್ಕೆಗಳಲ್ಲಿ ಎಂಟೆಂಟು ಬಂದೂಕುಗಳನ್ನು ಮುಂದಕ್ಕೆ ಬಿಗಿದುಕೊಂಡಿದ್ದ ಸ್ಪಿಟ್‌ಫೈರ್ ಮತ್ತು ಹರಿಕೇನ್.

ಮಾರುತ್ ಈ ವಂಶದ ಕುಡಿ. ಅದರ ಒಂದೊಂದು ತೋಪಿಗೂ ಇದ್ದದ್ದು ಐದಾರು ಸೆಕೆಂಡಿಗೆ ಮುಗಿದುಹೋಗುವಷ್ಟು ಗುಂಡುಗಳು. ನಾಲ್ಕೂ ಒಟ್ಟಿಗೆ ಗುಡುಗಿದಾಗಿನ ಕಂಪನ ವಿನ್ಯಾಸಕಾರರಿಗೆ ತಲೆನೋವು ತಂದಿತು. ಆದರೂ 1971ರ ಡಿಸೆಂಬರಿನ ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ಬೆಂಗಳೂರಿನ ಈ ವಿಮಾನಗಳು ಕೆಲಸ ಮಾಡಿದವು. ಅದೇ ರಂಗದ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದ ಹಂಟರ್ ವಿಮಾನಗಳ ಮೂತಿಯಲ್ಲೂ 30 ಮಿಲಿಮೀಟರಿನ ಅಂಥವೇ ನಾಲ್ಕು ತೋಪುಗಳಿದ್ದವು.

ಈ ಜಾತಿಯ ಅತಿರೇಕ ಎಂದರೆ ಅಮೆರಿಕದ ಎ-10 ವಿಮಾನ. 1972ರಲ್ಲಿ ಮೊದಲು ಹಾರಿದ ಇದನ್ನು ವಿಮಾನಕ್ಕೆ ತೋಪು ಇಟ್ಟದ್ದು ಎನ್ನುವುದಕ್ಕಿಂತ ತೋಪಿಗೆ ರೆಕ್ಕೆ ಕಟ್ಟಿದ್ದು ಎನ್ನುವುದೇ ಸರಿ. ಏಳು ನಳಿಗೆಗಳ 30 ಮಿಲಿಮೀಟರ್ ತೋಪು ನಿಮಿಷಕ್ಕೆ 3,900 ಗುಂಡುಗಳ ವೇಗದಲ್ಲಿ ಉಗುಳುತ್ತದೆ. ಹೊತ್ತೊಯ್ಯುವುದು ಹೆಚ್ಚೆಂದರೆ 1,174 ಗುಂಡು. ಅಂದರೆ ಸುಮಾರು ಹದಿನೆಂಟು ಸೆಕೆಂಡಿನ ಆಟ. ಗುಂಡು ಹಾರಿಸುವ ನಳಿಗೆ ವಿಮಾನದ ನಟ್ಟನಡುವಿನ ರೇಖೆಗೆ ಬರಬೇಕೆಂದು ಇಡೀ ತೋಪನ್ನು ತುಸು ಎಡಕ್ಕೆ ಸರಿಸಿದರು. ಅದಕ್ಕೆ ಜಾಗ ಬಿಡಲು ಮುಂದಿನ ಚಕ್ರವನ್ನೇ ಬಲಕ್ಕೆ ತಳ್ಳಿದರು. ಅದರ ಹಿಂದೊದೆತ ಒಂದು ಎಂಜಿನ್ನಿನ ನೂಕುಬಲಕ್ಕಿಂತ ತುಸು ಹೆಚ್ಚೇ. ತೋಪು ಹಾರಿಸಿದರೆ ವಿಮಾನ ಗಾಳಿಯಲ್ಲಿ ನಿಂತುಬಿಡುತ್ತದೆ ಎಂಬ ದಂತಕತೆ ಹುಟ್ಟಿದ್ದು ಹೀಗೆ. ಎಂಜಿನ್ನುಗಳು ಎರಡು, ಗುಂಡಿನ ಮಳೆ ಒಂದೆರಡು ಸೆಕೆಂಡು. ಆದ್ದರಿಂದ ವಿಮಾನ ನಿಲ್ಲುವುದಿಲ್ಲ, ವೇಗ ಸ್ವಲ್ಪ ಕುಗ್ಗುತ್ತದೆ ಅಷ್ಟೆ.

ತಲೆಯಿಲ್ಲದ ಟ್ಯಾಂಕು

ನೆಲದ ಮೇಲೆ ಈ ವಿಚಾರವನ್ನು ಕೊನೆಯ ಹಂತಕ್ಕೆ ಒಯ್ದವರು ಇಬ್ಬರು. ಮೊದಲನೆಯವರು ಫ್ರೆಂಚರು. 1940ರಲ್ಲಿ ಅವರ ಬಳಿ ಇದ್ದ ಬಿ-1 ಬಿಸ್ ಟ್ಯಾಂಕಿನ ಮೈಯಲ್ಲಿ 75 ಮಿಲಿಮೀಟರಿನ ತೋಪು ಮುಂದಕ್ಕೆ ಬಿಗಿದಿತ್ತು. ಅದು ಮೇಲೆ ಕೆಳಗೆ ಆಡುತ್ತಿತ್ತು, ಪಕ್ಕಕ್ಕೆ ಇಲ್ಲ. ಚಾಲಕನೇ ಗುರಿಕಾರ. ಟ್ಯಾಂಕನ್ನು ಕೂದಲೆಳೆಯಷ್ಟು ನವಿರಾಗಿ ತಿರುಗಿಸಲು ದುಬಾರಿಯಾದ ವಿಶೇಷ ದ್ರವಚಾಲಿತ ಯಂತ್ರವನ್ನೇ ಅಳವಡಿಸಿದ್ದರು. ಮೇಲಿನ ಚಿಕ್ಕ ಗೋಪುರದಲ್ಲಿ ಇನ್ನೊಂದು ಸಣ್ಣ ತೋಪು ಇತ್ತು. ಅದರ ಬಳಿ ಒಬ್ಬನೇ ನಿಂತ ದಳಪತಿ ಗುಂಡು ತುಂಬಬೇಕು, ಗುರಿ ಇಡಬೇಕು, ಆಜ್ಞೆಯನ್ನೂ ಕೊಡಬೇಕು. ಆ ವರ್ಷದ ಮೇ 16ರಂದು ಸ್ಟೋನ್ ಎಂಬ ಹಳ್ಳಿಯಲ್ಲಿ ಪಿಯರ್ ಬಿಯೊಟ್ ಎಂಬ ಕ್ಯಾಪ್ಟನ್ ಇಂಥ ಒಂದೇ ಟ್ಯಾಂಕಿನಿಂದ ಜರ್ಮನಿಯ 13 ಟ್ಯಾಂಕುಗಳನ್ನು ಕೆಡಹಿದ. ಆದರೆ ಬಿಡಿ ಟ್ಯಾಂಕಿನ ಶೌರ್ಯ ಫ್ರಾನ್ಸನ್ನು ಉಳಿಸಲಿಲ್ಲ.

ಎರಡನೆಯವರು ಸ್ವೀಡನ್ನಿನವರು. ಸ್ವೆನ್ ಬೆರ್ಗೆ ಎಂಬ ಎಂಜಿನಿಯರ್ ರೂಪಿಸಿದ ಎಸ್-ಟ್ಯಾಂಕಿಗೆ ಗೋಪುರವೇ ಇಲ್ಲ. 105 ಮಿಲಿಮೀಟರಿನ ತೋಪು ಮೈಗೆ ಅಚಲವಾಗಿ ಬಿಗಿದಿದೆ. ಅದು ಪಕ್ಕಕ್ಕೂ ಇಲ್ಲ, ಮೇಲಕ್ಕೂ ಇಲ್ಲ. ಎಡಬಲಕ್ಕೆ ಗುರಿ ಇಡಲು ಟ್ಯಾಂಕು ನಿಂತಲ್ಲೇ ಹೊರಳುತ್ತದೆ. ಮೇಲೆ ಕೆಳಗೆ ಗುರಿ ಇಡಲು ಚಕ್ರಗಳ ತೂಗುವ್ಯವಸ್ಥೆಯೇ ಏರಿಳಿದು, ಟ್ಯಾಂಕು ಆಡಿನ ಹಾಗೆ ಮುಂದಕ್ಕೆ ಬಗ್ಗುತ್ತದೆ ಅಥವಾ ಹಿಂದಕ್ಕೆ ವಾಲುತ್ತದೆ. ತೋಪು ಅಚಲವಾದ್ದರಿಂದ ಯಂತ್ರವೇ ಗುಂಡು ತುಂಬುವುದು ಸುಲಭವಾಯಿತು. 50 ಗುಂಡು, ನಿಮಿಷಕ್ಕೆ 15ರಂತೆ. ಒಳಗೆ ಮೂವರೇ ಜನ. ಅವರಲ್ಲೊಬ್ಬ ಹಿಂದಕ್ಕೆ ಮುಖ ಮಾಡಿ ಕುಳಿತವ. ಅಪಾಯ ಬಂದರೆ ಅವನು ಟ್ಯಾಂಕನ್ನು ಹಿಮ್ಮುಖವಾಗಿ ಓಡಿಸಬಲ್ಲ. ಮುಖ ಮಾತ್ರ ಶತ್ರುವಿನ ಕಡೆಗೇ ಇರುತ್ತದೆ.

1967ರಿಂದ 1997ರವರೆಗೆ ಈ ಟ್ಯಾಂಕು ಸೇವೆಯಲ್ಲಿತ್ತು. ಸುಮಾರು 290 ಟ್ಯಾಂಕುಗಳನ್ನು ಕಟ್ಟಿದ್ದರು. ಸ್ವೀಡನ್ ಯುದ್ಧಕ್ಕೆ ಇಳಿಯಲಿಲ್ಲವಾದ್ದರಿಂದ ಅದರ ಪರೀಕ್ಷೆಯೂ ಆಗಲಿಲ್ಲ. ಅದನ್ನು ಸೋಲಿಸಿದ್ದು ಶತ್ರುವಲ್ಲ, ಎಲೆಕ್ಟ್ರಾನಿಕ್ಸ್. ಓಡುತ್ತ ಓಡುತ್ತಲೇ ಗುರಿ ತಪ್ಪದಂತೆ ತೋಪನ್ನು ಸ್ಥಿರವಾಗಿ ಹಿಡಿಯುವ ವಿದ್ಯೆ ಗೋಪುರದ ಟ್ಯಾಂಕುಗಳಿಗೆ ಬಂದ ಮೇಲೆ, ನಿಂತೇ ಹೊಡೆಯಬೇಕಾದ ಟ್ಯಾಂಕಿಗೆ ಕಾಲವಿರಲಿಲ್ಲ.

ಕತೆಯ ನೌಕೆಗಳು

ಈಗ ಕತೆಗಾರರ ಕಡೆಗೆ ಬರೋಣ. ಈ ಕುಲದ ಮೂಲಪುರುಷ ಎಂದರೆ ಫ್ರಾನ್ಸಿನ ಜೂಲ್ಸ್ ವರ್ನ್. 1865ರ ಅವನ ಕಾದಂಬರಿಯಲ್ಲಿ ಮೂವರನ್ನು ಚಂದ್ರನತ್ತ ಹಾರಿಸುವ ತೋಪು 900 ಅಡಿ ಉದ್ದದ್ದು. ಅದನ್ನು ತಿರುಗಿಸುವ ಮಾತೇ ಇಲ್ಲ. ಫ್ಲಾರಿಡಾದ ನೆಲದಲ್ಲಿ ಬಾವಿಯಂತೆ ತೋಡಿ ಅದನ್ನು ಎರಕ ಹೊಯ್ಯುತ್ತಾರೆ. ಚಂದ್ರ ನೆತ್ತಿಯ ಮೇಲೆ ಬರುವ ಊರನ್ನೂ ಗಳಿಗೆಯನ್ನೂ ಆರಿಸಿಕೊಳ್ಳುತ್ತಾರೆ. ಅಂದರೆ ಭೂಮಿಯೇ ತೋಪಿನ ಗಾಡಿ. ಭೂಮಿಯ ಸುತ್ತಾಟವೇ ಗುರಿ ಇಡುವ ಯಂತ್ರ.

1974ರಲ್ಲಿ ಜಪಾನಿನ ಟಿವಿಯಲ್ಲಿ ಬಂದ ‘ಆಕಾಶ ಯುದ್ಧನೌಕೆ ಯಮಾಟೊ’ ಎಂಬ ಕಾರ್ಟೂನ್ ಧಾರಾವಾಹಿ ಇನ್ನೊಂದು ಹೆಜ್ಜೆ ಇಟ್ಟಿತು. ನಿಜವಾದ ಯಮಾಟೊ 1945ರ ಏಪ್ರಿಲ್ 7ರಂದು ಅಮೆರಿಕದ ವಿಮಾನಗಳ ದಾಳಿಗೆ ಸಿಕ್ಕಿ ಮುಳುಗಿತ್ತು. ಸುಮಾರು ಮೂರು ಸಾವಿರ ಜನ ಅದರೊಂದಿಗೆ ಹೋದರು. ಎರಡೂವರೆ ಸಾವಿರ ಟನ್ನಿನ ತಿರುಗುಗೋಪುರಗಳು ಆಕಾಶದಿಂದ ಬಂದ ಶತ್ರುವಿನ ಮುಂದೆ ಉಪಯೋಗಕ್ಕೆ ಬರಲಿಲ್ಲ. ಕಾರ್ಟೂನಿನಲ್ಲಿ ಅದೇ ಹಡಗು ಆಕಾಶನೌಕೆಯಾಗಿ ಎದ್ದು ಬರುತ್ತದೆ. ಹಳೆಯ ಗೋಪುರಗಳು ಉಳಿದಿರುತ್ತವೆ, ಜತೆಗೆ ಮೂತಿಯಲ್ಲಿ ಹೊಸದೊಂದು ಮಹಾತೋಪು. ಅದನ್ನು ಹಾರಿಸಬೇಕಾದರೆ ನೌಕೆಯ ಶಕ್ತಿಯನ್ನೆಲ್ಲ ಅದಕ್ಕೇ ಹರಿಸಬೇಕು. ಆ ಹೊತ್ತಿನಲ್ಲಿ ನೌಕೆ ಅಸಹಾಯಕ. ಮೊದಲ ಬಾರಿ ಹಾರಿಸಿದಾಗ ಗುರುಗ್ರಹದ ವಾತಾವರಣದಲ್ಲಿ ತೇಲುತ್ತಿದ್ದ ಒಂದು ಖಂಡವೇ ಪುಡಿಯಾಗುತ್ತದೆ. ಹಾರಿಸಿದವರು ಕುಣಿಯುವುದಿಲ್ಲ. ತಾವು ಮಾಡಿದ್ದನ್ನು ನೋಡಿ ಬೆಚ್ಚುತ್ತಾರೆ. ಅಣುಬಾಂಬು ಬಿದ್ದ ನಾಡಿನ ಕತೆಗಾರರು ಹೀಗೆ ಬರೆದದ್ದು ಸಹಜವೇ.

1977ರ ‘ಸ್ಟಾರ್ ವಾರ್ಸ್’ ಚಿತ್ರದ ಡೆತ್ ಸ್ಟಾರ್ ಚಂದ್ರನಷ್ಟು ದೊಡ್ಡದಾಗಿ ಕಾಣುವ ಗೋಳ. ಗ್ರಹವನ್ನೇ ಸಿಡಿಸುವ ಅದರ ಅಸ್ತ್ರ ಒಂದೇ ಕಡೆ ಬಿಗಿದಿದೆ. ಕೊನೆಯ ಕದನದಲ್ಲಿ ಗುರಿಗೆ ಒಂದು ದೊಡ್ಡ ಗ್ರಹ ಅಡ್ಡ ನಿಲ್ಲುತ್ತದೆ. ಗೋಳ ಅದನ್ನು ಬಳಸಿ ಬರುವವರೆಗೆ ಕಾಯಬೇಕು. ಆ ಮೂವತ್ತು ನಿಮಿಷಗಳಲ್ಲೇ ಸಣ್ಣ ಸಣ್ಣ ವಿಮಾನಗಳು ಅದನ್ನು ಕೆಡಹುತ್ತವೆ. ಮಹಾತೋಪು ತಿರುಗುವಂತಿದ್ದಿದ್ದರೆ ಚಿತ್ರವೇ ಇರುತ್ತಿರಲಿಲ್ಲ. ಆ ಸಣ್ಣ ನೌಕೆಗಳ ಕಾದಾಟ ಎರಡನೆಯ ಮಹಾಯುದ್ಧದ ವಿಮಾನಗಳಂತೆ ಕಾಣಲು ಕಾರಣವಿದೆ. ನಿರ್ದೇಶಕ ಜಾರ್ಜ್ ಲೂಕಾಸ್ ಆ ಯುದ್ಧದ ವಿಮಾನ ದೃಶ್ಯಗಳನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದ. ಇನ್ನೂ ಒಂದು ತಮಾಷೆ ಇದೆ. 1994ರಲ್ಲಿ ‘ಸ್ಟಾರ್ ಟ್ರೆಕ್’ ಸರಣಿಗೆ ಬಂದ ಯುದ್ಧನೌಕೆಯೊಂದರ ಮುಖ್ಯ ತೋಪುಗಳೆಲ್ಲ ಮುಂದಕ್ಕೆ ಬಿಗಿದವು. ಅದರ ಹೆಸರು ಡಿಫೈಯಂಟ್. ಮುಂದಕ್ಕೆ ಬಂದೂಕೇ ಇಲ್ಲದೆ ಸೋತ ವಿಮಾನದ ಹೆಸರು!

ಗಾಳಿಯಿಲ್ಲದ ಕಡೆ

ಕತೆ ಸರಿ, ನಿಜವಾದ ಆಕಾಶದಲ್ಲಿ ಇದು ನಡೆಯುತ್ತದೆಯೇ? ಒಂದು ಲೆಕ್ಕ ನೋಡಿ. ಸಾವಿರ ಟನ್ನಿನ ನೌಕೆಯೊಂದು ಹತ್ತು ಕಿಲೋ ಗುಂಡನ್ನು ಸೆಕೆಂಡಿಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಹಾರಿಸಿತೆನ್ನಿ. ನೌಕೆ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯುತ್ತದೆ. ಅದನ್ನು ತಡೆಯಲು ಅಲ್ಲಿ ನೀರಿಲ್ಲ, ನೆಲವಿಲ್ಲ, ಗಾಳಿಯೂ ಇಲ್ಲ. ತೋಪು ನಡುರೇಖೆಯಲ್ಲಿದ್ದರೆ ಹಿಂದಿನ ಎಂಜಿನ್ನು ತುಸು ಉರಿದರೆ ಸರಿಹೋಯಿತು. ರೇಖೆ ತಪ್ಪಿದ್ದರೆ ನೌಕೆ ಬುಗುರಿಯಂತೆ ಸುತ್ತತೊಡಗುತ್ತದೆ. ಸುತ್ತು ನಿಲ್ಲಿಸಲು ಇಂಧನ ಸುಡಬೇಕು. ನಳಿಗೆಯ ಮಾತೂ ಹಾಗೆಯೇ. ಗುಂಡನ್ನು ಒಂದೇ ಸಮನೆ ನೂಕುತ್ತ ಹೋದರೆ ವೇಗ ಇಮ್ಮಡಿಯಾಗಲು ನಳಿಗೆ ನಾಲ್ಕು ಪಟ್ಟು ಉದ್ದವಾಗಬೇಕು. 2007ರ ‘ಮಾಸ್ ಎಫೆಕ್ಟ್’ ಎಂಬ ಕಂಪ್ಯೂಟರ್ ಆಟದಲ್ಲಿ ಮಹಾನೌಕೆಗಳ ಬೆನ್ನೆಲುಬಿನುದ್ದಕ್ಕೂ ತೋಪು ಚಾಚಿರುವುದು ಈ ಕಾರಣಕ್ಕೇ. ಹೀಗೆ ನೋಡಿದರೆ ಕತೆಗಾರರ ಲೆಕ್ಕ ತಪ್ಪಲ್ಲ.

ಆದರೆ ಒಂದು ವಿಷಯದಲ್ಲಿ ಅವರು ಎಡವುತ್ತಾರೆ. ಗಾಳಿಯಲ್ಲಿ ವಿಮಾನ ಮುಖ ಮಾಡಿದ ಕಡೆಗೇ ಹೋಗಬೇಕು. ಆಕಾಶನೌಕೆಗೆ ಆ ಕಟ್ಟಿಲ್ಲ. ಒಂದು ದಿಕ್ಕಿಗೆ ತೇಲುತ್ತಲೇ ಮೂತಿಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸಬಹುದು. ಆದ್ದರಿಂದ ಮುಂದಕ್ಕೆ ಬಿಗಿದ ತೋಪಿನ ದೊಡ್ಡ ಅನನುಕೂಲ ಅಲ್ಲಿ ಅರ್ಧ ಕಡಿಮೆ. ಉಳಿದ ಅರ್ಧ ಎಂದರೆ ನಿಖರತೆ. ಸಾವಿರ ಕಿಲೋಮೀಟರ್ ದೂರದ ಗುರಿಗೆ ಒಂದು ಡಿಗ್ರಿ ತಪ್ಪಿದರೂ ಗುಂಡು ಹದಿನೇಳು ಕಿಲೋಮೀಟರ್ ಆಚೆ ಹೋಗುತ್ತದೆ. ಇಡೀ ನೌಕೆಯನ್ನು ಅಷ್ಟು ನವಿರಾಗಿ ತಿರುಗಿಸಿ ನಿಲ್ಲಿಸುವುದು ಮಕ್ಕಳಾಟವಲ್ಲ.

ಇದು ಬರೀ ಊಹೆಯ ಮಾತೂ ಅಲ್ಲ. ಸೋವಿಯತ್ ಒಕ್ಕೂಟ 1974ರ ಜೂನ್‌ನಲ್ಲಿ ಹಾರಿಸಿದ ಸಲ್ಯೂತ್-3 ಎಂಬ ಸೈನಿಕ ಆಕಾಶನಿಲ್ದಾಣದಲ್ಲಿ ವಿಮಾನದ ತೋಪನ್ನೇ ಮಾರ್ಪಡಿಸಿ ಬಿಗಿಯಲಾಗಿತ್ತು. ಅದು ತಿರುಗುವಂಥದಲ್ಲ. ಗುರಿ ಇಡಲು ಸುಮಾರು 18 ಟನ್ನಿನ ನಿಲ್ದಾಣವನ್ನೇ ತಿರುಗಿಸಬೇಕಿತ್ತು. 1975ರ ಜನವರಿಯಲ್ಲಿ, ಒಳಗೆ ಯಾರೂ ಇಲ್ಲದಾಗ, ನಿಲ್ದಾಣವನ್ನು ಕೆಳಗಿಳಿಸಿ ಸುಡುವ ಮೊದಲು, ನೆಲದಿಂದಲೇ ಆಜ್ಞೆ ಕೊಟ್ಟು ಅದನ್ನು ಹಾರಿಸಿ ನೋಡಿದರು. ಮುಂದೆ 1987ರ ಮೇ 15ರಂದು ಅದೇ ದೇಶ ಎನರ್ಜಿಯ ಎಂಬ ಮಹಾರಾಕೆಟ್ಟಿನ ಮೇಲೆ ಪೋಲ್ಯುಸ್ ಎಂಬ ಸುಮಾರು 80 ಟನ್ನಿನ ನೌಕೆಯನ್ನು ಹಾರಿಸಿತು. ಲೇಸರ್ ಅಸ್ತ್ರದ ಯೋಜನೆಗೆ ಸೇರಿದ ಅಣಕು ನೌಕೆ ಅದು. ರಾಕೆಟ್ಟಿನಿಂದ ಬೇರೆಯಾದ ಮೇಲೆ ಅದು ಅರ್ಧ ಸುತ್ತು ತಿರುಗಿ ತನ್ನ ಎಂಜಿನ್ ಉರಿಸಬೇಕಿತ್ತು. ಅರ್ಧ ಸುತ್ತಿಗೆ ನಿಲ್ಲದೆ ಪೂರ್ತಿ ಸುತ್ತು ತಿರುಗಿತು. ಮೇಲೇರಿಸಬೇಕಾದ ಎಂಜಿನ್ ಕೆಳಕ್ಕೆ ನೂಕಿತು. ನೌಕೆ ಪೆಸಿಫಿಕ್ ಸಾಗರದಲ್ಲಿ ಬಿತ್ತು. ಇಡೀ ಹಡಗನ್ನು ತಿರುಗಿಸುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಇರಲಾರದು. 1967ರ ಅಂತರರಾಷ್ಟ್ರೀಯ ಒಪ್ಪಂದ ಭೂಮಿಯ ಸುತ್ತ ಅಣ್ವಸ್ತ್ರ ಇಡುವುದನ್ನು ನಿಷೇಧಿಸಿದೆ. ಸಾಮಾನ್ಯ ತೋಪನ್ನು ಅದು ತಡೆಯುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ತೋಪಿನ ಮೇಲಿನ ಊರು

ಈಗ ಯುದ್ಧದ ಯಂತ್ರಗಳಲ್ಲಿ ತಿರುಗುವ ಕೆಲಸವನ್ನು ಅಸ್ತ್ರವೇ ವಹಿಸಿಕೊಂಡಿದೆ. ಭಾರತೀಯ ನೌಕಾಪಡೆಯ ಹಡಗುಗಳಲ್ಲಿ ಬ್ರಹ್ಮೋಸ್ ಕ್ಷಿಪಣಿ ನೇರ ಮೇಲಕ್ಕೆ ಚಿಮ್ಮಿ, ಆಮೇಲೆ ಗುರಿಯತ್ತ ಬಾಗುತ್ತದೆ. ಹಡಗು ಯಾವ ಕಡೆ ಮುಖ ಮಾಡಿದ್ದರೂ ಚಿಂತೆಯಿಲ್ಲ. ಹೊಡೆಯುವವನು ಹೊಡೆಸಿಕೊಳ್ಳುವವನ ಕಡೆಗೆ ತಿರುಗಿಯೂ ನೋಡಬೇಕಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ತೇಜಸ್ ವಿಮಾನದಲ್ಲೂ ಕ್ಷಿಪಣಿಗಳದೇ ಮೇಲುಗೈ. ಆದರೂ ಅದರ ಹೊಟ್ಟೆಯ ಕೆಳಗೆ 23 ಮಿಲಿಮೀಟರಿನ ಅವಳಿ ನಳಿಗೆಯ ತೋಪನ್ನು ಮುಂದಕ್ಕೆ ಬಿಗಿಯಲು ಜಾಗ ಇಟ್ಟಿದ್ದಾರೆ.

ಕೊನೆಯದಾಗಿ ಜಪಾನಿನ ಇನ್ನೊಂದು ಕಾರ್ಟೂನ್ ಧಾರಾವಾಹಿ, 1982ರ ‘ಮ್ಯಾಕ್ರಾಸ್’. ಆಕಾಶದಿಂದ ಬಿದ್ದ ಒಂದು ಪರಕೀಯ ನೌಕೆಯನ್ನು ಮನುಷ್ಯರು ದುರಸ್ತಿ ಮಾಡುತ್ತಾರೆ. ಅದರ ಮೂತಿಯ ಮಹಾತೋಪು ಯಾರೂ ಮುಟ್ಟದೆಯೇ ಒಂದು ದಿನ ತಾನಾಗಿ ಹಾರಿ ಯುದ್ಧ ಹೊತ್ತಿಸುತ್ತದೆ. ಹಿಂದಿನ ಒಡೆಯರು ಬಿಟ್ಟುಹೋದ ಕುತಂತ್ರ ಅದು. ಆಮೇಲೆ ಮನೆಮಠ ಕಳೆದುಕೊಂಡ ಜನ ಆ ನೌಕೆಯ ಹೊಟ್ಟೆಯಲ್ಲೇ ಊರು ಕಟ್ಟಿಕೊಂಡು, ಅಂಗಡಿ ಬೀದಿ ಮಾಡಿಕೊಂಡು ಬಾಳುತ್ತಾರೆ. ಮತ್ತೆ ತೋಪು ಹಾರಿಸಬೇಕಾದಾಗ ಒಂದು ತೊಡಕು. ನೌಕೆಯ ಅಂಗಾಂಗಗಳನ್ನೆಲ್ಲ ಕದಲಿಸಿ ಬೇರೆ ರೂಪಕ್ಕೆ ಜೋಡಿಸದೆ ತೋಪಿಗೆ ಶಕ್ತಿ ಹರಿಯದು. ನೌಕೆ ಮೈಮುರಿಯುತ್ತದೆ. ಒಳಗಿನ ಬೀದಿಗಳು ಸೀಳುತ್ತವೆ, ಮನೆಗಳು ಕುಸಿಯುತ್ತವೆ.

ಗ್ಯಾಲಿಯ ಹುಟ್ಟಿಗೆ ಕಟ್ಟಿಹಾಕಿದ ಕೈದಿಗಳಿಗೆ, ಎಸ್.ಇ.5ಎ ವಿಮಾನದ ಹತ್ತೊಂಬತ್ತರ ಹುಡುಗನಿಗೆ, ಯಮಾಟೊದ ಮೂರು ಸಾವಿರ ನಾವಿಕರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಿರಲಿಲ್ಲ. ತೋಪು ಮೈಗೆ ಬಿಗಿದಿದ್ದರೆ ಗುರಿಯತ್ತ ಹೊರಳುವುದು ತೋಪೊಂದೇ ಅಲ್ಲ, ಅದರ ಮೇಲಿರುವವರೆಲ್ಲ ಹೊರಳಬೇಕು. ಕಸ್ತೂರಬಾ ರಸ್ತೆಯ ಮಾರುತ್ ಎದುರು ನಿಂತ ಮಗು ಮತ್ತೊಮ್ಮೆ ಕೇಳಿದರೆ ಹೇಳಬೇಕಾದ ಪೂರ್ತಿ ಉತ್ತರ ಇದು.